ಕೈತುತ್ತಿನ ಬಾವಲಿ

“ಬಾವಲಿ ನೋಡ್ಲಾಕ ಯಾರರ ಸಮುದ್ರ ದಾಟಿ ಹೋಗ್ತಾರೇನಕ್ಕ? ನಮ್ಮ ಹುಣಸಿಗಿಡದಾಗ ಸಾಲು ಹಚ್ಚಿ ಜೋತ್ಯಾಡ್ಲಿಕತ್ತಾವ, ಇಲ್ಲೇ ಬಂದು ನೋಡು,” ಎಂದು ಸೇಡಂನಿಂದ ನನ್ನ ತಂಗಿ ಫೋನಿನಲ್ಲಿ ನಕ್ಕಳು.

ನಾನು ಹೊರಟಿದ್ದು ಬಾವಲಿ ನೋಡಲು ಅಲ್ಲ, ರೀಟಾಳನ್ನು ನೋಡಲು. ಅವಳ ಮನೆಯಲ್ಲಿ ಬಾವಲಿ ಇದ್ದರೆ ಅದಕ್ಕೆ ನಾನೇನು ಮಾಡಲಿ?

ರೀಟಾ ನನ್ನ ವಾಡಿ ಜಂಕ್ಷನ್ನಿನ ಗೆಳತಿ. ಅವಳಪ್ಪ ಆಂಗ್ಲೋ-ಇಂಡಿಯನ್, ರೈಲು ಇಂಜಿನ್ ಡ್ರೈವರ್. ನಮ್ಮಪ್ಪ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ರೈಲ್ವೆ ಕಾಲೊನಿಯಲ್ಲಿ ಅವರ ಬಂಗಲೆ ಒಂದು ತುದಿಗೆ, ನಮ್ಮ ಎರಡು ಕೋಣೆಯ ಕ್ವಾರ್ಟರ್ಸ್ ಇನ್ನೊಂದು ತುದಿಗೆ. ಆದರೆ ಊಟದ ಹೊತ್ತಿಗೆ ರೀಟಾ ತಪ್ಪದೆ ನಮ್ಮ ಮನೆಯಲ್ಲಿ ಇರುತ್ತಿದ್ದಳು. ನಮ್ಮವ್ವ ಜೋಳದ ರೊಟ್ಟಿ ಮುರಿದು, ಹಾಲು ಹಾಕಿ ಕಿವುಚಿ, ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಒಂದು ತುತ್ತು ನನಗೆ, ಒಂದು ತುತ್ತು ಅವಳಿಗೆ ಹಾಕುತ್ತಿದ್ದಳು. ಸಾಕು ಎಂದರೆ ಕೇಳುವ ಪೈಕಿ ಅಲ್ಲ ನಮ್ಮವ್ವ. “ಇದೊಂದು ತುತ್ತು, ಇದೇ ಕಡೀದು” ಎಂದು ಹೇಳಿ ಮತ್ತೆ ನಾಲ್ಕು ತುರುಕುವಳು. ಕಾಲೇಜು ಮುಗಿಯುವ ಹೊತ್ತಿಗೆ ರೀಟಾಳ ಮನೆಯವರು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ನಾನು ಮಾಸ್ತರಿಕೆ ಹಿಡಿದು ಸೇಡಂ, ಕಾಳಗಿ ಎಂದು ಊರೂರು ತಿರುಗಿ, ಚಿತ್ತಾಪುರದಲ್ಲಿ ಹೆಡ್‌ಮೇಡಂ ಆಗಿ ನಿವೃತ್ತಳಾದೆ. ಮೊದಲು ಪತ್ರ, ಆಮೇಲೆ ಫೋನು, ಈಗ ವಿಡಿಯೊ. ಮಾತು ಮಾತ್ರ ನಿಂತಿರಲಿಲ್ಲ.

“ಶರಣಿ, ಇನ್ನರ ಬಾರ್ಲೆ. ಮೊಣಕಾಲು ಗಟ್ಟಿ ಇರೋದ್ರೊಳಗ ಬಂದು ಹೋಗು,” ಎಂದಳು. ನಮ್ಮ ಯಜಮಾನರು ಬರಲೊಲ್ಲೆ ಎಂದರು. ವಿಮಾನದಲ್ಲಿ ಎಲೆ ಅಡಿಕೆ ಹಾಕಿಕೊಂಡರೆ ಉಗುಳಲು ಜಾಗವಿಲ್ಲ ಎಂಬುದು ಅವರ ತಕರಾರು. ಹೈದರಾಬಾದಿನವರೆಗೆ ಬಂದು ವಿಮಾನ ನಿಲ್ದಾಣದ ಬಾಗಿಲಿಗೆ ಬಿಟ್ಟು, ನಾನು ಕಣ್ಮರೆಯಾಗುವ ಮೊದಲೇ ಅಲ್ಲೆಲ್ಲೋ ಪಾನ್ ಅಂಗಡಿ ಹುಡುಕಲು ಹೋದರು.

ಕೇರ್ನ್ಸ್: ಚೀಲ ಬಿಚ್ಚಿದ ಮೇಜು

ಆಸ್ಟ್ರೇಲಿಯಾದ ಈಶಾನ್ಯ ಮೂಲೆಯಲ್ಲಿ, ಸಮುದ್ರದ ದಂಡೆಗೆ ಕೇರ್ನ್ಸ್ ಎಂಬ ಊರಿದೆ. ವಿಮಾನದಿಂದ ಇಳಿದೊಡನೆ ನನ್ನ ಚೀಲಗಳನ್ನೆಲ್ಲ ಒಂದು ಉದ್ದನೆಯ ಮೇಜಿನ ಮೇಲೆ ಬಿಚ್ಚಿಸಿದರು. ಆ ದೇಶದವರಿಗೆ ಬಂದೂಕಿಗಿಂತ ಬೀಜದ ಹೆದರಿಕೆ ಹೆಚ್ಚು. ಹೊರಗಿನ ಒಂದು ಕಾಳು, ಒಂದು ಹುಳ ಒಳಗೆ ಬಂದರೆ ಅವರ ಬೆಳೆ ಹಾಳಾಗುತ್ತದಂತೆ.

ಗಡ್ಡದ ಅಧಿಕಾರಿಯೊಬ್ಬ ಕೈಗವಸು ಹಾಕಿಕೊಂಡು ನನ್ನ ಸಾಮಾನು ಒಂದೊಂದೇ ಎತ್ತಿದ. ಕಡಕ್ ರೊಟ್ಟಿಯ ಕಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ತಟ್ಟಿ, ಇದೇನು ತಾಟೇ ಎಂದು ಕೇಳಿದ. ಶೇಂಗಾ ಹಿಂಡಿಯ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನಾಲ್ಕು ಸಲ ಸೀನಿದ. ಅದಕ್ಕೂ ಬಿಡುಗಡೆ ಸಿಕ್ಕಿತು. ಆದರೆ ರೀಟಾಳಿಗೆಂದು ಚಿಂಚೋಳಿ ಕಡೆಯಿಂದ ತರಿಸಿ ಒಣಗಿಸಿಟ್ಟುಕೊಂಡಿದ್ದ ಬಾರಿಹಣ್ಣು ಅವನ ಕೈಗೆ ಸಿಕ್ಕಿತು, ಒಳಗೆ ಬೀಜ ಇದ್ದವು. ನಾನು ಹೆಡ್‌ಮೇಡಂ ದನಿಯಲ್ಲಿ ಎಷ್ಟು ವಾದಿಸಿದರೂ ಅವನು ನಗುತ್ತ “ಸಾರಿ ಡಾರ್ಲಿಂಗ್” ಎಂದು ಕಸದ ಡಬ್ಬಕ್ಕೆ ಸುರಿದ. ಚಿತ್ತಾಪುರದಲ್ಲಿ ನನ್ನನ್ನು ಹಾಗೆ ಕರೆಯುವ ಧೈರ್ಯ ನಮ್ಮ ಯಜಮಾನರಿಗೂ ಬಂದಿರಲಿಲ್ಲ. ಸಿಟ್ಟು ಅಲ್ಲಿಗೇ ಇಳಿಯಿತು.

ಹೊರಗೆ ಚಡ್ಡಿ ಹಾಕಿಕೊಂಡ ಬಿಳಿಕೂದಲ ಹೆಂಗಸೊಬ್ಬಳು ಕೈ ಬೀಸುತ್ತಿದ್ದಳು. ನನ್ನನ್ನು ಅವುಚಿಕೊಂಡು, ಸುತ್ತಲಿನವರೆಲ್ಲ ತಿರುಗಿ ನೋಡುವಂತೆ, “ಯವ್ವಾ ಶರಣಿ, ಎಷ್ಟು ದಪ್ಪಾಗಿದಿಯಲ್ಲೇ!” ಎಂದಳು. ಇಷ್ಟು ವರ್ಷವಾದರೂ ಅದೇ ವಾಡಿಯ ಮಾತು, ನಡುನಡುವೆ ಉರ್ದುವಿನ ಜರಾ, ಬಿಲ್ಕುಲ್, ಫಿಕರ್. ನಮ್ಮ ಕಡೆಯ ಮಾತಿನೊಳಗೆ ಈಗ ಎಷ್ಟೋ ಇಂಗ್ಲಿಷ್ ಸೇರಿಹೋಗಿದೆ, ಅವಳದು ಮಾತ್ರ ಹೋದಾಗ ಹೇಗಿತ್ತೋ ಹಾಗೆಯೇ ಇತ್ತು. ನನಗೆ ಅವ್ವನ ನೆನಪಾಗಿ ಅಳು ಬಂತು.

ಅವಳ ಊರು ಗುಡ್ಡದ ಮೇಲೆ. ದಾರಿಯುದ್ದಕ್ಕೂ ಕಬ್ಬು, ಕಬ್ಬಿನ ನಡುವೆ ಆಟಿಕೆಯಷ್ಟು ಸಣ್ಣ ರೈಲುಹಳಿ. ಹಂಗಾಮಿನಲ್ಲಿ ಆ ಹಳಿಯ ಮೇಲೆ ಕಬ್ಬು ಹೊತ್ತ ಗಾಡಿ ಕಾರ್ಖಾನೆಗೆ ಹೋಗುತ್ತವಂತೆ. ಹಳಿ ಕಂಡಲ್ಲೆಲ್ಲ ರೀಟಾ ಕಾರಿನ ವೇಗ ಇಳಿಸಿ ಆ ಕಡೆ ಈ ಕಡೆ ನೋಡುತ್ತಿದ್ದಳು. ಜಂಕ್ಷನ್‌ನಲ್ಲಿ ಬೆಳೆದವರ ಚಾಳಿ ಅದು, ನನಗೂ ಇದೆ. ಆದರೆ ವಾಡಿಯಲ್ಲಿ ಎಲೆಯ ಮೇಲೆ ಸಿಮೆಂಟ್ ಕಾರ್ಖಾನೆಯ ಪುಡಿ ಕೂತಿರುತ್ತದೆ. ಇಲ್ಲಿಯ ಎಲೆಗಳು ಈಗಷ್ಟೇ ತೊಳೆದಿಟ್ಟಂತೆ ಹೊಳೆಯುತ್ತಿದ್ದವು.

ರೀಟಾಳ ಪಡಸಾಲೆ

ಮರುದಿನ ಬೆಳಗ್ಗೆ ಎದ್ದು ಪಡಸಾಲೆಗೆ ಬಂದರೆ, ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಒಂದು ಕಪ್ಪು ಟವೆಲ್ ನೇತುಹಾಕಿತ್ತು. ಮುಖ ಒರೆಸಿಕೊಳ್ಳೋಣ ಎಂದು ಕೈ ಚಾಚಿದೆ. ಟವೆಲ್ ಕಣ್ಣು ಬಿಟ್ಟಿತು.

ನಾನು ಕೂಗಿದ ಕೂಗಿಗೆ ರೀಟಾ ಹಲ್ಲುಜ್ಜುವ ಬ್ರಶ್ಶಿನೊಂದಿಗೆ ಓಡಿ ಬಂದಳು. “ಮುಟ್ಟಬ್ಯಾಡ! ನಿನಗ ಸೂಜಿ ಆಗಿಲ್ಲ!” ಎಂದು ನನ್ನನ್ನೇ ಗದರಿದಳು. ಅಲ್ಲಿಯ ಬಾವಲಿಗಳಲ್ಲಿ ಅಪರೂಪಕ್ಕೆ ಹುಚ್ಚುನಾಯಿ ರೋಗದಂಥ ರೋಗ ಇರುತ್ತದೆ. ಅದಕ್ಕೆ ಮೊದಲೇ ಸೂಜಿ ಹಾಕಿಸಿಕೊಂಡವರು ಮಾತ್ರ ಅವನ್ನು ಮುಟ್ಟಬಹುದು. ನನಗೇನೂ ಮುಟ್ಟುವ ಉಮೇದು ಇರಲಿಲ್ಲ. ಚಿಕ್ಕವರಿದ್ದಾಗ, ಬಾವಲಿ ಕಪಾಳಕ್ಕೆ ಬಡಿದರೆ ಗಲ್ಲದ ತೊಗಲು ಕಿತ್ತು ಬರುತ್ತದೆ ಎಂದು ನಮ್ಮನ್ನು ಹೆದರಿಸುತ್ತಿದ್ದರು. ಆ ಹೆದರಿಕೆ ಅರವತ್ತು ದಾಟಿದರೂ ನನ್ನ ಗಲ್ಲ ಬಿಟ್ಟಿರಲಿಲ್ಲ.

“ಇಂವ ಗುಂಡ್ಯಾ,” ಎಂದಳು ರೀಟಾ, ಮನೆಯ ಮಗನ ಗುರುತು ಹೇಳುವ ಹಾಗೆ.

ದೂರ ಕುಳಿತು ನೋಡಿದೆ. ನಾಯಿಮರಿಯ ಮುಖ, ದೊಡ್ಡ ಕಂದು ಕಣ್ಣು. ಕಣ್ಣಿನ ಸುತ್ತ ಒಣಹುಲ್ಲಿನ ಬಣ್ಣದ ಕೂದಲಿನ ಉಂಗುರ, ಚಷ್ಮಾ ಹಾಕಿಕೊಂಡ ಹಾಗೆ. ಆ ಜಾತಿಗೆ ಅವರ ಭಾಷೆಯಲ್ಲೂ ಚಷ್ಮಾದ ಬಾವಲಿ ಎಂದೇ ಹೆಸರು. ಒಂದೇ ಕಾಲಿನಲ್ಲಿ ಜೋತುಬಿದ್ದು, ಇನ್ನೊಂದು ಕಾಲಿನ ಉಗುರಿನಿಂದ ತಲೆ ಬಾಚಿಕೊಂಡ. ರೆಕ್ಕೆಯನ್ನು ಬಿಡಿಸಿ ನಾಲಿಗೆಯಿಂದ ನೆಕ್ಕಿ ಒರೆಸಿ, ಕೊಡೆ ಮಡಚಿದಂತೆ ಮಡಚಿಟ್ಟ. ಆಮೇಲೆ ರೆಕ್ಕೆಯ ತುದಿಯ ಹೆಬ್ಬೆರಳಿನ ಕೊಕ್ಕೆಯಿಂದ ಕಂಬಿ ಹಿಡಿದು, ಕಾಲು ಬಿಟ್ಟು, ನಮ್ಮ ಹಾಗೆ ತಲೆ ಮೇಲಾಗಿ ನಿಂತ.

“ಈಗೇನು ಮಾಡ್ತಾನ?”

“ಒಂದಕ್ಕ ಹೋಗ್ತಾನ,” ಎಂದಳು ರೀಟಾ. “ತಲಿ ಕೆಳಗಾಗಿ ಹೋದ್ರ ತನ್ನ ಮಾರಿ ಮ್ಯಾಲೇ ಬೀಳಂಗಿಲ್ಲೇನು? ಅದಕ್ಕ ಉಲ್ಟಾ ಆಗ್ತಾನ. ಭಾಳ ಶಾಣ್ಯಾ.” ಅವನು ಕೆಲಸ ಮುಗಿಸಿ, ಮೈ ಝಾಡಿಸಿ, ಮತ್ತೆ ಕಾಲಿನಿಂದ ಜೋತುಬಿದ್ದ. ನಮ್ಮ ಒಂದನೆಯ ಇಯತ್ತೆಯ ಎಷ್ಟೋ ಮಕ್ಕಳಿಗೆ ಇಷ್ಟು ಶಿಸ್ತು ಕಲಿಸಲು ನನಗೆ ಅರ್ಧ ವರ್ಷ ಬೇಕಾಗುತ್ತಿತ್ತು.

ನಮ್ಮ ತಿಂಡಿಗೆ ಮೊದಲು ಅವನದು. ರೀಟಾ ಪಪ್ಪಾಯಿ, ಬಾಳೆಹಣ್ಣು ಸಣ್ಣಗೆ ಹೆಚ್ಚಿ ವಾಟಗದ ಬಟ್ಟಲಿನಲ್ಲಿ ಹಾಕಿಕೊಂಡು ಅವನ ಎದುರಿಗೆ ಸ್ಟೂಲಿನ ಮೇಲೆ ಕುಳಿತಳು. ಬೆರಳಿನಿಂದ ಒಂದು ತುಣುಕು ಎತ್ತಿದಳು. ಗುಂಡ್ಯಾ ಬಾಯಿ ತೆರೆದ. ಅವು ನಮ್ಮ ಹಾಗೆ ಅಗಿದು ನುಂಗುವುದಿಲ್ಲ. ಹಣ್ಣನ್ನು ಅಂಗುಳಿಗೆ ಒತ್ತಿ ಹಿಂಡಿ, ರಸ ಕುಡಿದು, ಚರಟವನ್ನು ಗುಂಡಗೆ ಮಾಡಿ ಉಗುಳುತ್ತವೆ. ಎಲೆ ಅಡಿಕೆ ಉಗುಳಿದ ಹಾಗೆ! ನನಗೆ ನಮ್ಮ ಯಜಮಾನರ ನೆನಪಾಯಿತು.

“ಇದೊಂದು ತುತ್ತು. ಇದೇ ಕಡೀದು,” ಎನ್ನುತ್ತಿದ್ದಳು ರೀಟಾ. ಮತ್ತೆ ನಾಲ್ಕು ತುಣುಕು ಹಾಕಿದಳು.

ನಾನು ನಕ್ಕೆ. ಅವಳು ನಗಲಿಲ್ಲ. ವಾಟಗ ಕೆಳಗಿಟ್ಟು, “ನಾಳೆ ಇವನ್ನ ಬ್ಯಾರೆ ಮರಿಗಳ ಸಂಗಡ ಬಿಟ್ಟು ಬರಬೇಕು ಶರಣಿ,” ಎಂದಳು. “ಬಿಟ್ಟು ಬಂದ್ರ ಉಳೀತಾನೋ ಇಲ್ಲೋ, ನನಗ ಅದೇ ಫಿಕರ್.”

ಹಳ್ಳದ ದಂಡೆಯ ಬಾವಲಿ ಓಣಿ

ಸಂಜೆ ಆ ಫಿಕರ್, ಆ ಚಿಂತೆ ಏನೆಂದು ತಿಳಿಸಲು ರೀಟಾ ನನ್ನನ್ನು ಊರ ಹೊರಗಿನ ಹಳ್ಳಕ್ಕೆ ಕರೆದುಕೊಂಡು ಹೋದಳು. ಹಳ್ಳದ ಎರಡೂ ದಂಡೆಗೆ ಎತ್ತರದ ಮರಗಳು, ಮರದ ತುಂಬ ಸಾವಿರಗಟ್ಟಲೆ ಬಾವಲಿ. ಹೋಗುವ ಮೊದಲೇ ಮೂಗಿಗೆ ವಾಸನೆ ಬಡಿಯಿತು, ಕಿವಿಗೆ ಗದ್ದಲ. ಹಗಲು ಅವು ನಿದ್ದೆ ಮಾಡುತ್ತವೆ ಎಂದುಕೊಂಡಿದ್ದೆ. ನಿದ್ದೆ ಮಾಡುವವು ಅರ್ಧ, ಜಗಳವಾಡುವವು ಅರ್ಧ. ಪ್ರತಿಯೊಂದಕ್ಕೂ ತನ್ನದೇ ಕೊಂಬೆ, ತನ್ನದೇ ಗೇಣು ಜಾಗ. ಪಕ್ಕದವರ ರೆಕ್ಕೆ ತಾಗಿದರೆ ಸಾಕು, ಕಿರುಚಿ, ರೆಕ್ಕೆಯಿಂದ ಬಡಿದು, ಮತ್ತೆ ಮುಸುಕು ಹಾಕಿಕೊಂಡು ಮಲಗುವುದು. ಶಹಾಬಾದ್ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಸೀಟಿಗೆ ಬಡಿದಾಡುವವರನ್ನು ನೋಡಿದವರಿಗೆ ಆ ಮರದಲ್ಲಿ ಹೊಸತೇನೂ ಕಾಣಿಸುವುದಿಲ್ಲ.

ಕೆಲವು ತಾಯಂದಿರ ಹೊಟ್ಟೆಗೆ ತಡವಾಗಿ ಹುಟ್ಟಿದ ಮರಿಗಳು ಇನ್ನೂ ಕಚ್ಚಿಕೊಂಡಿದ್ದವು. ವರ್ಷಕ್ಕೆ ಒಂದೇ ಮರಿ. ಹುಟ್ಟಿದ ಮೇಲೆ ಕೆಲವು ವಾರ ತಾಯಿ ಅದನ್ನು ಹೊಟ್ಟೆಗೆ ಕಟ್ಟಿಕೊಂಡೇ ಮೇವಿಗೆ ಹಾರುತ್ತದೆ. ಭಾರವಾದ ಮೇಲೆ, ಮರಿಗಳನ್ನೆಲ್ಲ ಒಂದು ಮರದಲ್ಲಿ ಬಿಟ್ಟು ಹೋಗುತ್ತವೆ. ಬೆಳಗಿನ ಜಾವ ಬಂದಾಗ ಅಷ್ಟು ಗದ್ದಲದೊಳಗೂ ತನ್ನ ಮರಿಯನ್ನು ದನಿಯಿಂದ, ವಾಸನೆಯಿಂದ ಗುರುತಿಸಿ ಎತ್ತಿಕೊಳ್ಳುತ್ತದೆ.

“ಗುಂಡ್ಯಾನ ಅವ್ವ ಈ ಗಿಡದ ಬುಡಕ್ಕ ಸತ್ತು ಬಿದ್ದಿತ್ತು,” ಎಂದು ರೀಟಾ ತೋರಿಸಿದಳು. “ಉಣ್ಣಿ ಕಚ್ಚಿ.”

ನಮ್ಮ ದನಕ್ಕೆ ಹತ್ತುವ ಉಣ್ಣಿಯಂಥದ್ದೇ, ಆದರೆ ವಿಷದ್ದು. ಬಾವಲಿಗಳು ಕಾಡುತಂಬಾಕಿನ ಗಿಡ್ಡ ಗಿಡಕ್ಕೆ ಹಣ್ಣು ತಿನ್ನಲು ಇಳಿದಾಗ ಹತ್ತುತ್ತದೆ. ಕಚ್ಚಿದರೆ ಮೈ ಸೆಟೆದು, ಹಾರಲಾಗದೆ ಕೆಳಗೆ ಬಿದ್ದು ಸಾಯುತ್ತವೆ. ಮರಿ ಮಾತ್ರ ಸತ್ತ ತಾಯಿಯ ಮೊಲೆ ಬಿಡುವುದಿಲ್ಲ. ಉಣ್ಣಿಯ ಹಂಗಾಮಿನಲ್ಲಿ ರೀಟಾಳಂಥ ಊರಿನ ಹೆಂಗಸರು ಬೆಳಗ್ಗೆ ಎದ್ದು ಈ ಮರಗಳ ಬುಡದಲ್ಲಿ ಹುಡುಕಿ, ಅಂಥ ಮರಿಗಳನ್ನು ಮನೆಗೆ ತಂದು, ಬಟ್ಟೆಯಲ್ಲಿ ಸುತ್ತಿ, ಬಾಟಲಿ ಹಾಲು ಹಾಕಿ ಬೆಳೆಸುತ್ತಾರೆ. ಯಾರ ಒತ್ತಾಯವೂ ಇಲ್ಲ, ಪಗಾರವೂ ಇಲ್ಲ.

“ಎರಡೆರಡು ಮರಿ ಕೂಡ ಬೆಳಸ್ಬೇಕು. ಒಂಟಿ ಬೆಳಸಂಗಿಲ್ಲ,” ಎಂದಳು ರೀಟಾ. “ಇವನ ಜೋಡೀದು ವಾರದಾಗ ಸತ್ತು ಹೋತು. ಬ್ಯಾರೆ ಯಾರ ಮನ್ಯಾಗರ ಮರಿಗಳ ಸಂಗಡ ಇಡು ಅಂತ ನಮ್ಮ ಹಿರಿಯಾಕಿ ಹೆಲೆನ್ ಅಂದಳು. ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ ಅಂತ ಇಟಗೊಂಡೆ. ಹಣ್ಣು ತಿನ್ನೋ ಹೊತ್ತಿಗಿ, ಕಡ್ಡಿಗಿ ಚುಚ್ಚಿ ತೂಗಹಾಕಿ ತಾನೇ ತಿನ್ನೋದು ಕಲಸ್ಬೇಕಿತ್ತು. ನಾ ತುತ್ತು ಮಾಡಿ ಹಾಕ್ದೆ. ಈಗ ಕೈಯಾಗಿಂದ ಬಿಟ್ರ ತಿನ್ನಂಗಿಲ್ಲ. ತಾ ಬಾವಲಿ ಅನ್ನೋದೇ ಅವಂಗ ಮಾಲೂಮಿಲ್ಲ.”

“ಅದಕ್ಕೇನಾತು? ಕಲೀತಾನ.”

“ಕಲೀಲಿಲ್ಲಂದ್ರ ಕಾಡಿಗಿ ಬಿಡಂಗಿಲ್ಲ. ಬಿಡಲಾಕ ಬರದ ಪ್ರಾಣಿ ಮನ್ಯಾಗ ಸಾಕಂಗಿಲ್ಲ, ಅದು ಇಲ್ಲಿ ಕಾಯ್ದೆ. ದನದ ಡಾಕ್ಟರ ಸೂಜಿ ಹಾಕಿ ಮಲಗಿಸಿಬಿಡ್ತಾನ.” ರೀಟಾ ಮರದ ಮೇಲಕ್ಕೆ ನೋಡಿದಳು. “ಕಾಯಂ.”

ಸೂರ್ಯ ಇಳಿದ ಮೇಲೆ ಬಾವಲಿಗಳು ಮರ ಬಿಟ್ಟು ಎದ್ದವು. ಮೊದಲು ಹತ್ತಾರು, ಆಮೇಲೆ ಆಕಾಶದ ತುಂಬ. ಬೇಸಿಗೆಯಲ್ಲಿ ನಮ್ಮ ಕಾಗಿಣಾ ಹೊಳೆಯ ಮೇಲೆ ಬಾವಲಿಗಳು ಹಾರುತ್ತ ಹಾರುತ್ತಲೇ ಹೊಟ್ಟೆ ನೀರಿಗೆ ತಾಗಿಸಿ, ಆಮೇಲೆ ಆ ತೇವ ನೆಕ್ಕಿ ದಾಹ ತೀರಿಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಇವೂ ಹಳ್ಳದ ನೀರಿಗೆ ಹಾಗೆಯೇ ಮಾಡಿದವು. ರಾತ್ರಿಯಿಡೀ ಕಾಡಿನ ಹೂವಿಗೆ ಹೋಗಿ, ಹಣ್ಣಿಗೆ ಹೋಗಿ, ಪರಾಗ ಹಚ್ಚಿ, ಬೀಜ ಉದುರಿಸಿ ಬರುತ್ತವೆ. ಅವು ಇಲ್ಲದಿದ್ದರೆ ಆ ಕಾಡಿನ ಎಷ್ಟೋ ಗಿಡ ಇರುತ್ತಿರಲಿಲ್ಲ ಎಂದಳು ರೀಟಾ. ನಮ್ಮ ಚಿಂಚೋಳಿ ಕಾಡಿನಲ್ಲೂ ಇವುಗಳ ಸಂಬಂಧಿಕರು ಇದೇ ಕೆಲಸದಲ್ಲಿದ್ದಾರೆ. ಆ ಹೊತ್ತಿಗೆ ನನಗೆ ಅದ್ಯಾವುದರ ಮೇಲೂ ಲಕ್ಷ್ಯವಿರಲಿಲ್ಲ. ಪಡಸಾಲೆಯಲ್ಲಿ ತುತ್ತಿಗೆ ಬಾಯಿ ತೆರೆದು ಕುಳಿತವನೇ ಕಣ್ಣ ಮುಂದೆ ಇದ್ದ.

ಹೆಲೆನ್‌ಳ ಬಾಲವಾಡಿ

ಹೆಲೆನ್ ಎಂದರೆ ಆ ಹೆಂಗಸರಿಗೆಲ್ಲ ಹಿರಿಯಳು. ತೆಳ್ಳಗೆ, ಉದ್ದಕ್ಕೆ, ಮಾತು ಕಡಿಮೆ. ಅವಳ ಮನೆಯ ಹಿತ್ತಲಲ್ಲಿ, ಹಳ್ಳಕ್ಕೆ ಹತ್ತಿರವಾಗಿ, ಒಂದು ದೊಡ್ಡ ಜಾಲರಿಯ ಮನೆ. ಎಲ್ಲರ ಮನೆಯಲ್ಲಿ ಬೆಳೆದ ಮರಿಗಳೂ ಕಡೆಗೆ ಅಲ್ಲಿಗೆ ಬಂದು ಒಟ್ಟಿಗೆ ಇದ್ದು, ಹಾರುವುದು, ಜಗಳವಾಡುವುದು ಕಲಿಯುತ್ತವೆ. ಕಲಿತ ಮೇಲೆ ಮೇಲಿನ ಕಿಂಡಿ ತೆರೆಯುತ್ತಾರೆ. ನಾನು ಅದಕ್ಕೆ ಬಾಲವಾಡಿ ಎಂದೆ. ರೀಟಾ ಹೆಲೆನ್‌ಗೆ ಅರ್ಥ ಹೇಳಿದಳು, ಅವಳಿಗೂ ಸೇರಿತು. ಆಮೇಲೆ ಅವಳೂ “ಬಲವಾಡಿ” ಎನ್ನತೊಡಗಿದಳು.

ಬಾಲವಾಡಿಗೆ ಮಗುವನ್ನು ಬಿಡುವ ಮೊದಲ ದಿನ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಬಾಗಿಲ ಹೊರಗೆ ನಿಂತು ಮೂಗು ಒರೆಸಿಕೊಳ್ಳುವ ತಾಯಂದಿರನ್ನು ನಾನು ಜನ್ಮವಿಡೀ ಗದರಿಸಿ ಮನೆಗೆ ಕಳಿಸಿದವಳು. ಗುಂಡ್ಯಾನನ್ನು ಒಳಗೆ ಜೋತುಬಿಡಿಸಿ ರೀಟಾ ಹೊರಗೆ ಬಂದಳು. ಅವನು ತೆವಳುತ್ತ ತೆವಳುತ್ತ ಅವಳು ಹೋದ ಬಾಗಿಲ ಮೂಲೆಗೇ ಬಂದು ಜೋತುಬಿದ್ದ. ಉಳಿದ ಮರಿಗಳು ಆ ಕಡೆ ಒಂದರ ಮೇಲೊಂದು ಬಿದ್ದು ಗಲಾಟೆ ಮಾಡುತ್ತಿದ್ದವು. ಇವನು ಅತ್ತ ತಿರುಗಿಯೂ ನೋಡಲಿಲ್ಲ.

ಸಂಜೆ ಹೆಲೆನ್ ಸೇಬು, ಪಪ್ಪಾಯಿ, ಮಾವು ಕಡ್ಡಿಗೆ ಚುಚ್ಚಿ ತೂಗುಹಾಕಿದಳು. ಮರಿಗಳು ಮುಗಿಬಿದ್ದವು. ಗುಂಡ್ಯಾ ಬಾಗಿಲ ಕಡೆ ಮುಖ ಮಾಡಿ, ಬಾಯಿ ತೆರೆದು, ಕಾದ.

ಕಿಂಡಿ ತೆರೆಯುವ ಸಂಜೆಯೊಳಗೆ ಅವನು ತಾನಾಗಿಯೇ ತಿಂದು, ಗುಂಪಿಗೆ ಸೇರಬೇಕು. ಇಲ್ಲದಿದ್ದರೆ ಡಾಕ್ಟರನ್ನು ಕರೆಯುವುದು ಎಂದು ಹೆಲೆನ್ ಮೆಲ್ಲಗೆ ಹೇಳಿದಳು. ಅಲ್ಲಿಯವರೆಗೆ ರೀಟಾ ಅವನ ಕಣ್ಣಿಗೆ ಬೀಳಬಾರದು, ದನಿ ಕೇಳಿಸಬಾರದು. ಕಠಿಣವಾಗಿ ಹೇಳಲಿಲ್ಲ, ಹೇಳುವಾಗ ರೀಟಾಳ ಬೆನ್ನ ಮೇಲೆ ಕೈ ಇಟ್ಟಿದ್ದಳು. ಹೋಗುವಾಗ ನನ್ನನ್ನು ಬದಿಗೆ ಕರೆದು, ಇವಳನ್ನು ನೀನು ತಡೆಯಬೇಕು ಎಂದಳು.

ಮಳೆಯ ದಿನಗಳು

ಆ ಕಡೆಯ ಮಳೆಗೆ ಹಿಂದು ಮುಂದು ಇಲ್ಲ. ನಮ್ಮಲ್ಲಿ ಒಂದು ದೊಡ್ಡ ಮಳೆ ಬಿದ್ದರೆ ಅದರ ಮಾತು ಹಬ್ಬದವರೆಗೆ ನಡೆಯುತ್ತದೆ. ಅಲ್ಲಿ ಬೆಳಗ್ಗೆ ಶುರುವಾದದ್ದು ರಾತ್ರಿಯಾದರೂ ಸುರಿಯುತ್ತಿತ್ತು, ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅಂಗಡಿಗೆ ಹೋಗುವವರು ಬರಿಗಾಲಲ್ಲಿ ನೆನೆಯುತ್ತ ಹೋಗುತ್ತಿದ್ದರು. ಬರಿಗಾಲಲ್ಲಿ ಅಂಗಡಿ ಹೊಕ್ಕವರನ್ನು ನೋಡಿ ನಾನು ಮೊದಲು ಬಡವರು ಎಂದುಕೊಂಡೆ. ಹೊರಗೆ ಬಂದು ನೋಡಿದರೆ ಅವರ ಕಾರು ನಮ್ಮ ಚಿತ್ತಾಪುರದ ಓಣಿಯಲ್ಲಿ ಹಿಡಿಯುವುದಿಲ್ಲ.

ಹೆಲೆನ್‌ಳ ಮನೆಯ ಅಡುಗೆಮನೆಯ ಕಿಟಕಿಯಿಂದ ಜಾಲರಿಯ ಒಳಗೆ ಕಾಣಿಸುತ್ತಿತ್ತು. ಸಂಜೆ ಹೊತ್ತು ನಾವಿಬ್ಬರೂ ಗಾಜು ಮುಚ್ಚಿ, ಅಲ್ಲಿ ಪರದೆಯ ಮರೆಗೆ ಕುಳಿತು ನೋಡುತ್ತಿದ್ದೆವು. ಮೊದಲ ಸಂಜೆ ಗುಂಡ್ಯಾ ತಿನ್ನಲಿಲ್ಲ. ಎರಡನೆಯ ಸಂಜೆ ರೀಟಾ ರೇನ್‌ಕೋಟ್ ಹಾಕಿಕೊಂಡು, ಕಾರಿನಲ್ಲಿ ಏನೋ ಮರೆತೆ ಎಂದು ಎದ್ದಳು.

ಸೇಡಂನ ಪರೀಕ್ಷಾ ಕೇಂದ್ರದಲ್ಲಿ ಕಾಲುಚೀಲದಿಂದ, ಕಂಪಾಸ್ ಡಬ್ಬಿಯಿಂದ, ಒಮ್ಮೆ ಜಡೆಯೊಳಗಿನಿಂದಲೂ ಚೀಟಿ ಹಿಡಿದು ತೆಗೆದವಳು ನಾನು. “ನಿಂದ್ರು,” ಎಂದೆ. “ಕಿಸೆ ತೋರಸು.”

“ಏನಿಲ್ಲ ಬಿಡ್ಲೆ.”

ಕಿಸೆಯಲ್ಲಿ ಸುಲಿದ ಬಾಳೆಹಣ್ಣು ಇತ್ತು. ನಾನು ಅದನ್ನು ಕಿತ್ತುಕೊಂಡು, ಮತ್ತೆ ತೆಗೆದುಕೊಳ್ಳದಿರಲೆಂದು ಅಲ್ಲೇ ತಿಂದುಬಿಟ್ಟೆ. ರೀಟಾ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಹೆಲೆನ್ ಒಲೆಯ ಕಡೆ ತಿರುಗಿ ನಗು ತಡೆದುಕೊಂಡಳು.

“ನಿಮ್ಮವ್ವ ಹಿಂಗ ಮಾಡ್ತಿದ್ದಳೇನು?” ಎಂದಳು ರೀಟಾ. “ನನ್ನ ಹಸಿವಿ ನಮ್ಮ ಮಮ್ಮಿಗಿ ತಿಳೀತಿರ್ಲಿಲ್ಲ, ಗಡಿಯಾರ ಗಂಟಿ ಹೊಡದ್ರ ಊಟ. ನಿಮ್ಮವ್ವಗ ನನ್ನ ಮಾರಿ ನೋಡಿದ್ರ ತಿಳೀತಿತ್ತು. ನಾ ಅಕಿ ಹಂಗ ಮಾಡೀನಿ. ಅದರಾಗೇನು ತಪ್ಪಾತು?”

ತಪ್ಪಾಗಿದೆ ಎಂದು ಅವಳಿಗೂ ಗೊತ್ತಿತ್ತು. ಅವ್ವ ತುತ್ತು ಹಾಕಿ ಬೆಳೆಸಿದ ನಾವು ದೊಡ್ಡವರಾದ ಮೇಲೆ ಗಂಗಾಳದಿಂದ ತೆಗೆದುಕೊಂಡು ಉಂಡೆವು, ನಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬಾವಲಿಗೆ ಅದನ್ನು ಕಲಿಸುವುದು ಬಾವಲಿಗಳೇ. ಕಿತ್ತು ತಿನ್ನುವವರ ನಡುವೆ ಬೆಳೆಯದಿದ್ದವನಿಗೆ ಕಿತ್ತುಕೊಳ್ಳಬೇಕು ಎಂದೇ ತಿಳಿಯುವುದಿಲ್ಲ.

ಮರುದಿನ ಗುಂಡ್ಯಾ ದನಿ ತೆಗೆದ. ಮರಿ ತಾಯಿಯನ್ನು ಕರೆಯುವ ದನಿ, ಸಣ್ಣಗೆ, ಬಿಟ್ಟು ಬಿಟ್ಟು. ಮಳೆಯ ಸದ್ದಿನ ನಡುವೆಯೂ ಕಿಟಕಿಯವರೆಗೆ ಕೇಳಿಸುತ್ತಿತ್ತು. ಮೈ ಇಳಿದು ರೆಕ್ಕೆಯ ಎಲುಬು ಎದ್ದು ಕಾಣುತ್ತಿದ್ದವು. ಹೆಲೆನ್ ಒಳಗೆ ಹೋಗಿ ಸಿರಿಂಜಿನಿಂದ ನಾಲ್ಕು ಹನಿ ರಸ ಬಾಯಿಗೆ ಬಿಟ್ಟು ಬಂದಳು. ಅಷ್ಟೇ ಅವನ ಊಟ. ಅವನು ಬಾಗಿಲು ನೋಡುತ್ತ ಮತ್ತೆ ಕರೆದ. ಇಷ್ಟು ದಿನ ಕಾವಲು ಕುಳಿತ ಹೆಡ್‌ಮೇಡಂ ಎಲ್ಲಿ ಹೋದಳೋ! ನನ್ನ ಬಾಯಿಂದಲೇ ಬಂತು:

“ರೀಟಾ, ಹೋಗು. ಒಂದು ತುತ್ತು ಹಾಕಿ ಬಾ. ಸುಡ್ಲಿ ಇವರ ಕಾಯ್ದೆ.”

ರೀಟಾ ಕುರ್ಚಿಯ ಹಿಡಿಕೆ ಗಟ್ಟಿಯಾಗಿ ಹಿಡಿದು ಕುಳಿತಿದ್ದಳು. ಏಳಲಿಲ್ಲ.

“ಇಲ್ಲ,” ಎಂದಳು. “ಈಗ ನಾ ಹೋದ್ರ ಅವ ಸಾಯ್ತಾನ ಶರಣಿ.”

ನಾನು ಅವಳ ಕೈಯ ಮೇಲೆ ಕೈ ಇಟ್ಟೆ. ಕತ್ತಲಾಗುವ ಹೊತ್ತಿಗೆ ಒಂದು ಹೆಣ್ಣುಮರಿ, ಬಾಯಲ್ಲಿ ಮಾವಿನ ತುಣುಕು ಕಚ್ಚಿಕೊಂಡು, ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳುತ್ತ ಗುಂಡ್ಯಾನ ಮೂಲೆಗೆ ಬಂತು. ಅವನ ಪಕ್ಕದಲ್ಲೇ ಜೋತುಬಿದ್ದು ಹಿಂಡಿ ಹಿಂಡಿ ತಿಂದಿತು. ಗುಂಡ್ಯಾ ಕರೆಯುವುದನ್ನು ನಿಲ್ಲಿಸಿದ. ಮೂಗು ಚಾಚಿ ಅದರ ಬಾಯಿ ಮೂಸಿದ. ಅದು ಕಪಾಳಕ್ಕೆ ಒಂದು ಬಿಟ್ಟಿತು! ಅವನು ಹಿಂದೆ ಸರಿದು, ಗಲ್ಲ ನೆಕ್ಕಿಕೊಂಡ. ಗಲ್ಲಕ್ಕೆ ರಸ ತಾಗಿತ್ತೇನೋ. ಸ್ವಲ್ಪ ಹೊತ್ತಿಗೆ, ಜಾಲರಿಗೆ ಸಿಕ್ಕಿಕೊಂಡಿದ್ದ ಅದರ ಎಂಜಲ ತುಣುಕನ್ನು ನೆಕ್ಕಿದ, ಕಚ್ಚಿದ, ಹಿಂಡಿದ, ಚರಟ ಉಗುಳಿದ.

ರೀಟಾ ಉಸಿರು ಬಿಟ್ಟಳು. ಹೆಲೆನ್ ಮಾತ್ರ ತಲೆ ಅಲ್ಲಾಡಿಸಿದಳು. ಬಿದ್ದದ್ದನ್ನು ತಿಂದರೆ ಸಾಲದು, ಕಾಡಿನಲ್ಲಿ ಯಾರೂ ಎಂಜಲು ಉಳಿಸುವುದಿಲ್ಲ ಎಂದಳು. ಆದರೂ ಡಾಕ್ಟರಿಗೆ ಫೋನು ಮಾಡಲು ಎತ್ತಿಟ್ಟುಕೊಂಡಿದ್ದ ಮೊಬೈಲನ್ನು ಕಪಾಟಿನ ಮೇಲೆ ಇಟ್ಟಳು.

ಆಮೇಲಿನ ದಿನಗಳಲ್ಲಿ ಅವನು ದಿನಕ್ಕಿಷ್ಟು ಬಾಗಿಲಿನಿಂದ ದೂರ ಸರಿದ. ಗುಂಪಿನ ಅಂಚಿಗೆ ಬಂದ. ಎಲ್ಲರ ಊಟ ಮುಗಿದ ಮೇಲೆ ಕಡ್ಡಿಯಲ್ಲಿ ಉಳಿದದ್ದನ್ನು ತಾನೇ ಹೋಗಿ ತಿನ್ನತೊಡಗಿದ. ಜಾಲರಿಯ ಈ ತುದಿಯಿಂದ ಆ ತುದಿಗೆ ಹಾರಿ, ಇಳಿಯಲು ಬಾರದೆ ಬಡಿದು, ಮತ್ತೆ ಹಾರಿದ. ಯಾರಾದರೂ ಬಾಯಿ ತೆಗೆದು ಹೆದರಿಸಿದರೆ ಮಾತ್ರ ಹಣ್ಣು ಬಿಟ್ಟು ಹಿಂದೆ ಸರಿಯುತ್ತಿದ್ದ. “ಭಾಳ ಸಂಭಾವಿತ ಆಗ್ಯಾನ, ಅದೇ ಕೆಟ್ಟದ್ದು,” ಎಂದು ರೀಟಾ ಕೊರಗಿದಳು. ಮಗ ಸಂಭಾವಿತನಾದ ಎಂದು ಕೊರಗುವ ತಾಯಿಯನ್ನು ನಾನು ಅಲ್ಲಿಯೇ ನೋಡಿದ್ದು.

ಕಿಂಡಿ ತೆರೆದ ಸಂಜೆ

ನಾನು ಊರಿಗೆ ಹೊರಡುವ ವಾರದಲ್ಲಿ ಕಿಂಡಿ ತೆರೆಯುವುದಾಯಿತು. ಗುಂಡ್ಯಾನನ್ನೂ ಬಿಟ್ಟು ನೋಡುವುದು, ಕಿಂಡಿಯ ಹೊರಗೆ 
ಹಲಗೆಯ ಮೇಲೆ ಇನ್ನೂ ಕೆಲವು ದಿನ ಹಣ್ಣು ಇಡುವುದು, ಅಲ್ಲಿಯೂ ಹಿಂದೆ ಉಳಿದು ಸೊರಗಿದರೆ ಹಿಡಿದು ತಂದು ಡಾಕ್ಟರಿಗೆ ಒಪ್ಪಿಸುವುದು ಎಂದು ಹೆಲೆನ್ ತೀರ್ಮಾನ ಹೇಳಿದಳು. ರೀಟಾ ಎಲ್ಲಕ್ಕೂ ಹೂಂ ಎಂದಳು. ಅವಳ ದನಿ ಕೇಳಿಸಬಾರದೆಂದು ನಾವಿಬ್ಬರೂ ಹಿತ್ತಲಾಚೆ ನಿಲ್ಲಿಸಿದ ಕಾರಿನೊಳಗೆ, ಗಾಜು ಏರಿಸಿಕೊಂಡು ಕುಳಿತೆವು. ಮಳೆ ನಿಂತಿತ್ತು. ಹಳ್ಳದ ಕಡೆಯಿಂದ ದೊಡ್ಡ ಬಾವಲಿಗಳ ಗದ್ದಲ ಬರುತ್ತಿತ್ತು.

ಹೆಲೆನ್ ಹಗ್ಗ ಎಳೆದಳು. ಮೊದಲು ಯಾರೂ ಹೊರಗೆ ಬರಲಿಲ್ಲ. ಆಮೇಲೆ ಆ ಜಗಳಗಂಟಿ ಹೆಣ್ಣುಮರಿ ಬಂತು, ಅದರ ಹಿಂದೆ ಉಳಿದವು. ಹಲಗೆಯ ಮೇಲಿನ ಹಣ್ಣಿಗೆ ಬಿದ್ದು ಒದ್ದಾಡಿದವು. ಒಂದೆರಡು ಮೇಲೆದ್ದು ಹಳ್ಳದ ಕಡೆ ಹೋಗಿಯೇ ಬಿಟ್ಟವು. ಗುಂಡ್ಯಾ ಎಲ್ಲರಿಗಿಂತ ಹಿಂದೆ ಕಿಂಡಿಯ ಅಂಚಿಗೆ ಬಂದು ಜೋತುಬಿದ್ದು, ಸುತ್ತ ನೋಡಿದ. ಯಾರನ್ನು ಹುಡುಕುತ್ತಿದ್ದನೋ!

“ಹೋಗೋ. ಅಲ್ಲೇ ಅದ ನೋಡೋ,” ಎಂದು ರೀಟಾ ಪಿಸುಗುಟ್ಟಿದಳು. ನಾನು ಅವಳ ಬಾಯಿ ಮುಚ್ಚಿದೆ.

ಅವನು ಹಲಗೆಯ ತನಕ ತೆವಳಿದ. ಹಣ್ಣೆಲ್ಲ ಖಾಲಿಯಾಗಿತ್ತು. ಕಡೆಯ ಮಾವಿನ ಹೋಳು ಒಂದು ದಪ್ಪ ಗಂಡುಮರಿಯ ಬಾಯಲ್ಲಿತ್ತು. ಗುಂಡ್ಯಾ ಅದರ ಮುಂದೆ ಹೋಗಿ, ರೂಢಿಯ ಹಾಗೆ, ಬಾಯಿ ತೆರೆದು ಕಾದ. ಗಂಡುಮರಿ ರೆಕ್ಕೆಯಿಂದ ಬಡಿಯಿತು. ಇವನು ಹಿಂದೆ ಸರಿದ. ಮತ್ತೆ ಬಂದ, ಮತ್ತೆ ಬಡಿಸಿಕೊಂಡ. ಮೂರನೆಯ ಸಲ ಗುಂಡ್ಯಾ ಕಿರುಚಿದ. ಅಂಥ ಕಿರುಚು ಅವನ ಬಾಯಿಂದ ನಾವು ಕೇಳಿರಲೇ ಇಲ್ಲ. ರೆಕ್ಕೆ ಬೀಸಿ ಆ ಗಂಡುಮರಿಯ ಮುಖಕ್ಕೆ ಒಂದು ಏಟು ಹಾಕಿ, ಅದರ ಬಾಯೊಳಗಿನ ಹೋಳನ್ನು ಕಚ್ಚಿ ಕಿತ್ತುಕೊಂಡು, ಕೆಳಗೆ ಬಿದ್ದವನಂತೆ ಬಿದ್ದು, ನೆಲ ಮುಟ್ಟುವ ಮೊದಲು ರೆಕ್ಕೆ ಬಿಚ್ಚಿ, ನಮ್ಮ ಕಾರಿನ ಮೇಲೆಯೇ ಹಾದು ಮರಗಳ ಕಡೆ ಹೋದ.

“ಕಸಗೊಂಡ!” ರೀಟಾ ನನ್ನ ಕೈ ಕಿತ್ತೊಗೆದು ಸೀಟಿನ ಮೇಲೆ ಕುಪ್ಪಳಿಸಿದಳು. “ನೋಡ್ದಿ? ನೋಡ್ದಿ ಶರಣಿ? ನನ್ನ ಮಗ ಕಸಗೊಂಡ ತಿಂದ! ಮಂದಿ ಬಾಯಾಗಿಂದ ಕಸಗೊಂಡ!”

ನಾನೂ ಚಪ್ಪಾಳೆ ತಟ್ಟಿದೆ. ನಾಲ್ಕು ದಶಕ ಮಕ್ಕಳಿಗೆ ಕಸಿದುಕೊಳ್ಳಬಾರದು ಎಂದು ಪಾಠ ಹೇಳಿದವಳು, ಕಣ್ಣಲ್ಲಿ ನೀರು ತುಂಬಿಕೊಂಡು ಚಪ್ಪಾಳೆ ತಟ್ಟಿದೆ. ಹಿತ್ತಲಲ್ಲಿ ಹೆಲೆನ್ ಎರಡೂ ಕೈ ಮೇಲೆತ್ತಿ ನಿಂತಿದ್ದಳು.

ಹಳ್ಳದ ಬಾವಲಿಗಳು ಆಗಲೇ ಎದ್ದು ಆಕಾಶ ಕಪ್ಪಾಗಿತ್ತು. ಅವುಗಳ ನಡುವೆ ಇವನು ಯಾವನು ಎಂದು ಹುಡುಕಿದೆವು, ತಿಳಿಯಲಿಲ್ಲ. ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ರೀಟಾ ಗಾಜು ಇಳಿಸಿ, ಕುತ್ತಿಗೆ ಹೊರಗೆ ಹಾಕಿ, ಕಡೆಯದು ಹೋಗುವವರೆಗೆ ನೋಡಿದಳು.

“ಇನ್ನ ಅವಂಗ ನನ್ನ ನೆನಪು ಇರಬಾರದು,” ಎಂದಳು. “ಇದ್ರ ಮತ್ತ ಮಂದಿ ಹತ್ರ ಬರ್ತಾನ. ಬಂದ್ರ ಉಳಿಯಂಗಿಲ್ಲ. ಇರಂಗಿಲ್ಲಲ್ಲೇನು ಶರಣಿ? ಖರೇ ಹೇಳು.”

“ಇರಂಗಿಲ್ಲ ಬಿಡು,” ಎಂದೆ ನಾನು, ಅವಳಿಗೆ ಸಮಾಧಾನವಾಗಲೆಂದು. “ಮರ್ತೇ ಬಿಡ್ತಾನ.”

ಅಷ್ಟು ಹೇಳಿದ್ದೇ ತಡ, ಅಷ್ಟು ದಿನ ಗಟ್ಟಿಯಾಗಿ ಕುಳಿತವಳು ಸ್ಟೇರಿಂಗಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತಳು.